ಸೆರಗಿನ ಕೆಂಪು ಕೆಡಬಾರದು: ಇಳಕಲ್ ಸೀರೆ ಫೋಟೋಗಳನ್ನು ಹಗುರ ಮಾಡಿದ ದಿನಚರಿ

ನಮ್ಮ ಕಾಕಾನ ಸೀರೆ ಅಂಗಡಿ ಇಳಕಲ್‌ನಲ್ಲಿದೆ. ಹೋದ ತಿಂಗಳು ಒಂದು ದಿನ ಬೆಳಗ್ಗೆ ಹನ್ನೊಂದಕ್ಕೇ ಫೋನ್ ಬಂತು. "ತಮ್ಮಾ, ನೆಟ್ ಖಾಲಿ ಆತು ನೋಡ. ದಿನಾ ಹಿಂಗ ಆಗಾಕತ್ತೇತಿ."

ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದೆ. ಸಿನಿಮಾ ನೋಡುವ ಮನುಷ್ಯ ಅಲ್ಲ. ಏನು ಮಾಡುತ್ತೀರಿ ಅಂತ ಕೇಳಿದೆ. ಅಂಗಡಿಗೆ ಬಂದವರಿಗೆಲ್ಲ ತಮ್ಮ ಹಾಟ್‌ಸ್ಪಾಟ್ ಕೊಟ್ಟು "ನಮ್ಮ ವೆಬ್‌ಸೈಟ್ ನೋಡ್ರಿ" ಅಂತ ತೋರಿಸುತ್ತಾರಂತೆ. ಸೈಟ್ ಕಟ್ಟಿದ್ದು ನಾನೇ. ಫೋಟೋ ಏರಿಸುವುದು ಹೇಗೆ ಅಂತ ಕಾಕಾನ ಮಗಳಿಗೆ, ಅಂದರೆ ನನ್ನ ತಂಗಿಗೆ, ಕಲಿಸಿಕೊಟ್ಟು ಕೈ ತೊಳೆದುಕೊಂಡಿದ್ದೆ. ಅವಳು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೇ ಏರಿಸುತ್ತಾ ಹೋಗಿದ್ದಾಳೆ. ತಪ್ಪು ಅವಳದಲ್ಲ. ದೊಡ್ಡ ಫೋಟೋ ಬಂದರೆ ಸಣ್ಣದು ಮಾಡುವ ಏರ್ಪಾಟನ್ನೇ ನಾನು ಇಟ್ಟಿರಲಿಲ್ಲ.

ಬಾಗಲಕೋಟೆ ನವನಗರದ ನನ್ನ ಕೋಣೆಯಲ್ಲಿ ಕೂತು ತೂಕ ಹಾಕಿದೆ. ಸೀರೆಗಳ ಪಟ್ಟಿಯ ಒಂದು ಪುಟದಲ್ಲಿ 24 ಫೋಟೋ. ಒಂದೊಂದೂ ಸರಾಸರಿ 4.6 ಎಂಬಿ. ಒಟ್ಟು 110 ಎಂಬಿ ಆಯಿತು. ಹದಿನಾಲ್ಕು ಜನ ಆ ಪುಟ ತೆರೆದರೆ ಕಾಕಾನ ಪ್ಯಾಕ್ ಮುಗಿಯಿತು. ಹನ್ನೊಂದು ಗಂಟೆವರೆಗೆ ಬಂದದ್ದೇ ಜಾಸ್ತಿ!

ಡೇಟಾ ಒಂದೇ ಅಲ್ಲ. ಫೈಲ್ ಬಂದಿಳಿದ ಮೇಲೆ ಮೊಬೈಲ್ ಅದನ್ನು ಬಿಚ್ಚಬೇಕು. 3000 ಅಗಲ, 4000 ಎತ್ತರದ ಚಿತ್ರ ಅಂದರೆ 1.2 ಕೋಟಿ ಪಿಕ್ಸೆಲ್. ಬಿಚ್ಚಿದ ಮೇಲೆ ಒಂದು ಪಿಕ್ಸೆಲ್‌ಗೆ 4 ಬೈಟ್ ಬೇಕು, ಹಾಗಾಗಿ ಒಂದು ಚಿತ್ರಕ್ಕೆ 48 ಎಂಬಿ ಮೆಮೊರಿ. ಇಪ್ಪತ್ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಒಂದು ಜಿಬಿ ದಾಟುತ್ತದೆ. ಕಡಿಮೆ ಬೆಲೆಯ ಮೊಬೈಲಿನಲ್ಲಿ ಸ್ಕ್ರೋಲ್ ಮಾಡುವಾಗ ಪುಟ ಯಾಕೆ ತಡವರಿಸುತ್ತಿತ್ತು ಅನ್ನೋದು ಆಗ ಗೊತ್ತಾಯಿತು.

ಶನಿವಾರ ರಾತ್ರಿ: ಸುಲಭದ ಕೆಲಸ

ಮೊಬೈಲಿನಲ್ಲಿ ಪಟ್ಟಿ ಸಾಲಿಗೆ ಎರಡು ಸೀರೆ ತೋರಿಸುತ್ತದೆ. ಒಂದರ ಅಗಲ ಪುಟದ ಲೆಕ್ಕದಲ್ಲಿ 180 ಪಿಕ್ಸೆಲ್. ಈಗಿನ ಪರದೆಗಳಲ್ಲಿ ಒಂದು ಪಿಕ್ಸೆಲ್ ಅಗಲಕ್ಕೆ ಎರಡೋ ಮೂರೋ ಚುಕ್ಕೆ ಇರುತ್ತವೆ. ಮೂರು ಅಂತಲೇ ಹಿಡಿದರೂ 540 ಸಾಕು. ಎತ್ತರ 720. ಇಷ್ಟಕ್ಕೇ ಇಳಿಸಿದರೆ ಪಿಕ್ಸೆಲ್ ಲೆಕ್ಕ ಮೂಲದ 31ರಲ್ಲಿ ಒಂದು ಪಾಲಿಗೆ ಬರುತ್ತದೆ. ಒತ್ತುವ, ಅಂದರೆ ಕಂಪ್ರೆಸ್ ಮಾಡುವ, ಮಾತೇ ಇನ್ನೂ ಬಂದಿಲ್ಲ, ಬರೀ ಅಳತೆ ಕಡಿಮೆ ಮಾಡಿದ್ದಕ್ಕೇ ಇಷ್ಟು. ಕ್ವಾಲಿಟಿ ನಂಬರ್ (ಕಡಿಮೆ ಇಟ್ಟಷ್ಟೂ ಫೈಲ್ ಸಣ್ಣ, ವಿವರ ಕಮ್ಮಿ) ಎಷ್ಟಿಡಬೇಕು ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಈ ಲೆಕ್ಕ ಮಾಡಬೇಕು.

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಚಿತ್ರ ತಿದ್ದಲು ಪುಕ್ಕಟೆ ಸಿಗುವ ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅಗಲ 1080ಕ್ಕೆ ಇಳಿಸು, ಜೆಪೆಗ್ ಕ್ವಾಲಿಟಿ 75 ಇಡು, ಫೋಟೋದ ಜೊತೆಗಿರುವ ಮಾಹಿತಿಯನ್ನೆಲ್ಲ ಕಿತ್ತು ಹಾಕು. ಒಂದೇ ಚಿತ್ರ ಪಟ್ಟಿಗೂ ಆಗುತ್ತದೆ, ದೊಡ್ಡದು ಮಾಡಿ ನೋಡಲಿಕ್ಕೂ ಆಗುತ್ತದೆ ಅಂತ ಸೋಮಾರಿತನ ಮಾಡಿದೆ. ಅದರ ಫಲ ಮುಂದೆ ಹೇಳುತ್ತೇನೆ.

ಮಾಹಿತಿ ಕೀಳುವುದಕ್ಕೆ ಕಾರಣ ಇತ್ತು. ತಂಗಿ ಕೆಲವು ಫೋಟೋಗಳನ್ನು ನೇಕಾರರ ಮನೆಯಲ್ಲೇ, ಮಗ್ಗದ ಪಕ್ಕ ತೆಗೆದಿದ್ದಳು. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಇದ್ದರೆ ಮನೆಯ ಅಕ್ಷಾಂಶ, ರೇಖಾಂಶ ಫೋಟೋದೊಳಗೇ ಕೂತಿರುತ್ತದೆ. ಯಾರದೋ ಮನೆ ವಿಳಾಸವನ್ನು ನಮಗೆ ಗೊತ್ತಿಲ್ಲದೆ ಲೋಕಕ್ಕೆ ಹಂಚಬಾರದು, ಅಲ್ವಾ?

ಚಿತ್ರಗಳು ಭಾರೀ ಹಗುರಾದವು. 110 ಎಂಬಿ ಇದ್ದ ಪುಟ 5 ಎಂಬಿ ಆಸುಪಾಸಿಗೆ ಬಂತು. ರಾತ್ರಿಯೇ ಸೈಟಿಗೆ ಏರಿಸಿ, ಕಾಕಾಗೆ ಮೆಸೇಜ್ ಹಾಕಿ, ಮಲಗಿದೆ.

ಭಾನುವಾರ ಬೆಳಗ್ಗೆ: ಬೈಗುಳ

"ಇದು ನಮ್ಮ ಸೀರಿ ಅಲ್ಲೋ. ದಾಳಿಂಬರಿ ಕೆಂಪ ಹೋಗಿ ಹಂಚಿನ ಬಣ್ಣ ಆಗೇತಿ. ಖಣ ನೋಡು, ರಾಡಿ ಆಗೇತಿ. ನಾಕೈದು ಸೀರಿ ಅಡ್ಡ ಮಲಗ್ಯಾವು."

ಬಸ್ ಹತ್ತಿ ಇಳಕಲ್‌ಗೆ ಹೋದೆ. ಸೀರೆ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ನೋಡಿದರೆ ಕಾಕಾ ಹೇಳಿದ್ದೆಲ್ಲ ಹೌದು. ಒಂದೂ ಸುಳ್ಳಿಲ್ಲ.

ಅಡ್ಡ ಮಲಗಿದ ಸೀರೆಗಳದ್ದು ಎರಡು ನಿಮಿಷದ ಕೆಲಸ. ಮೊಬೈಲ್ ಅಡ್ಡ ಹಿಡಿದರೂ ಉದ್ದ ಹಿಡಿದರೂ ಸೆನ್ಸರ್ ಒಂದೇ ರೀತಿ ಬರೆಯುತ್ತದೆ. "ಇದನ್ನು ತಿರುಗಿಸಿ ತೋರಿಸು" ಅಂತ ಒಂದು ಚೀಟಿಯನ್ನು ಫೋಟೋ ಮಾಹಿತಿಯಲ್ಲಿ ಇಡುತ್ತದೆ. ನಾನು ಆ ಚೀಟಿಯನ್ನೇ ಕಿತ್ತು ಎಸೆದಿದ್ದೆ. ಮೊದಲು ತಿರುಗಿಸಿ ಆಮೇಲೆ ಕೀಳಬೇಕು. ಅಷ್ಟೇ.

ಕೆಂಪು ಹಂಚಿನ ಬಣ್ಣ ಆದದ್ದೂ ಅದೇ ಕಿತ್ತ ತಪ್ಪಿಗೇ. ತಂಗಿಯ ಹತ್ತಿರ ಐಫೋನ್ ಇದೆ. 2016ರ ಐಫೋನ್ 7ರಿಂದ ಈಚೆಗೆ ಆ ಕ್ಯಾಮೆರಾಗಳು ಡಿಸ್ಪ್ಲೇ ಪಿ3 ಅನ್ನುವ ಅಗಲವಾದ ಬಣ್ಣದ ಅಳತೆಯಲ್ಲಿ ಫೋಟೋ ತೆಗೆಯುತ್ತವೆ. ವೆಬ್‌ನಲ್ಲಿ ಸಾಮಾನ್ಯವಾಗಿ ನಡೆಯುವುದು ಎಸ್‌ಆರ್‌ಜಿಬಿ. ಎರಡರಲ್ಲೂ ಕೆಂಪಿಗೆ ಸೊನ್ನೆಯಿಂದ 255ರವರೆಗೆ ನಂಬರ್ ಇರುತ್ತದೆ, ಆದರೆ ಪಿ3ಯ 200 ಬೇರೆ, ಎಸ್‌ಆರ್‌ಜಿಬಿಯ 200 ಬೇರೆ. ಯಾವ ಅಳತೆ ಅಂತ ಹೇಳುವ ಪ್ರೊಫೈಲ್ ಕೂಡ ಫೋಟೋ ಮಾಹಿತಿಯಲ್ಲೇ ಇರುತ್ತದೆ. ಅದನ್ನು ಕಿತ್ತರೆ ಬ್ರೌಸರ್ "ಇದು ಎಸ್‌ಆರ್‌ಜಿಬಿ" ಅಂತ ತಿಳಿದುಕೊಳ್ಳುತ್ತದೆ. ಆಗ ಬಣ್ಣ ಮಂಕಾಗುತ್ತದೆ. ಗಜದ ಲೆಕ್ಕದಲ್ಲಿ ಅಳೆದ ಬಟ್ಟೆಯ ಚೀಟಿ ಹರಿದು ಮೀಟರ್ ಅಂತ ಓದಿದ ಹಾಗೆ.

ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದೆ: ಮೊದಲು ಎಸ್‌ಆರ್‌ಜಿಬಿಗೆ ಬದಲಾಯಿಸು, ಆಮೇಲೆ ಕಿತ್ತು ಹಾಕು. ದಾಳಿಂಬೆ ಕೆಂಪು ವಾಪಸ್ ಬಂತು. ಗಿಣಿ ಹಸಿರೂ ಬಂತು. ಎಸ್‌ಆರ್‌ಜಿಬಿಗೆ ಹಿಡಿಸದ ತೀರಾ ಗಾಢ ಕೆಂಪು ಸ್ವಲ್ಪ ತಗ್ಗುತ್ತದೆ, ಆದರೆ ಅದನ್ನು ಕಾಕಾ ಕೂಡ ಹಿಡಿಯಲಿಲ್ಲ.

ಖಣದ ರಾಡಿ

ಇದು ಎರಡು ದಿನ ತಿಂತು.

ಗುಳೇದಗುಡ್ಡದ ಖಣ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಕುಪ್ಪಸದ ಬಟ್ಟೆ, ಅದರ ತುಂಬ ಒತ್ತೊತ್ತಾಗಿ ಸಣ್ಣ ಸಣ್ಣ ಹೂವು, ಚುಕ್ಕೆ. ನಮ್ಮ ಸಮಸ್ಯೆ ಇದ್ದದ್ದು ಹಸಿರು ನೆಲದ ಮೇಲೆ ಕೆಂಪು ಹೂವಿರುವ ಒಂದು ಖಣದಲ್ಲಿ. ಮೂಲ ಫೋಟೋದಲ್ಲಿ ಹೂವು ಎಣಿಸಬಹುದು. ನಾನು ಮಾಡಿದ ಚಿತ್ರದಲ್ಲಿ ಒಂದೇ ಕಂದು ಬಣ್ಣ. ಕ್ವಾಲಿಟಿಯನ್ನು 75ರಿಂದ 85ಕ್ಕೆ ಏರಿಸಿದೆ. ಫೈಲ್ ದಪ್ಪ ಆಯಿತು, ರಾಡಿ ಹಾಗೇ ಉಳಿಯಿತು. 89ಕ್ಕೆ ಏರಿಸಿದೆ. ಅದೇ ರಾಡಿ. 90 ಇಟ್ಟ ತಕ್ಷಣ ಹೂವು ಎದ್ದು ಬಂದವು! ಒಂದೇ ನಂಬರಿಗೆ ಇಷ್ಟು ವ್ಯತ್ಯಾಸ ಹೇಗೆ ಅಂತ ತಲೆ ಕೆರೆದುಕೊಂಡೆ.

ಉತ್ತರ ಇಮೇಜ್‌ಮ್ಯಾಜಿಕ್‌ನ ಒಂದು ಪದ್ಧತಿಯಲ್ಲಿತ್ತು. ನಾವು ಏನೂ ಹೇಳದಿದ್ದರೆ ಅದು ಕ್ವಾಲಿಟಿ 90ಕ್ಕಿಂತ ಕೆಳಗೆ 4:2:0 ಬಳಸುತ್ತದೆ, 90 ಮತ್ತು ಅದಕ್ಕಿಂತ ಮೇಲೆ 4:4:4. ಇದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ.

ಜೆಪೆಗ್ ಮಾನದಂಡ ಬಂದದ್ದು 1992ರಲ್ಲಿ. ಅದು ಚಿತ್ರವನ್ನು ಕೆಂಪು, ಹಸಿರು, ನೀಲಿ ಅಂತ ಇಟ್ಟುಕೊಳ್ಳುವುದಿಲ್ಲ. ಬೆಳಕು ಒಂದು ಕಡೆ, ಬಣ್ಣ ಒಂದು ಕಡೆ ಬೇರೆ ಮಾಡುತ್ತದೆ. ಬೆಳಕಿನ ಏರಿಳಿತ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಬಣ್ಣದ ಸಣ್ಣ ಏರಿಳಿತ ಅಷ್ಟು ಕಾಣುವುದಿಲ್ಲ. ಹಾಗಾಗಿ 4:2:0ದಲ್ಲಿ ಬೆಳಕನ್ನು ಪಿಕ್ಸೆಲ್‌ಗೆ ಒಂದರಂತೆ ಇಟ್ಟು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. 4:4:4ರಲ್ಲಿ ಬಣ್ಣವೂ ಪಿಕ್ಸೆಲ್‌ಗೆ ಒಂದು. ಮುಖ, ಗುಡ್ಡ, ಆಕಾಶಕ್ಕೆ ಇದು ಒಳ್ಳೆಯ ಉಪಾಯ. ಯಾರಿಗೂ ಗೊತ್ತಾಗುವುದಿಲ್ಲ.

ಖಣದಲ್ಲಿ ಏನಾಯಿತು ಅಂತ ನಂಬರ್ ಹಾಕಿ ನೋಡಿದೆ. ಬೆಳಕಿನ ಲೆಕ್ಕ ಹೀಗೆ: ಕೆಂಪಿನ 0.299 ಪಾಲು, ಹಸಿರಿನ 0.587, ನೀಲಿಯ 0.114. ನಮ್ಮ ಖಣದ ಕೆಂಪು ಹೂವಿನ ಪಿಕ್ಸೆಲ್ 200, 30, 40. ಬೆಳಕು ಸುಮಾರು 82. ಹಸಿರು ನೆಲದ ಪಿಕ್ಸೆಲ್ 20, 110, 50. ಬೆಳಕು ಸುಮಾರು 76. ನಮ್ಮ ಕಣ್ಣಿಗೆ ಕೆಂಪೂ ಹಸಿರೂ ಹಗಲು ರಾತ್ರಿಯಷ್ಟು ಬೇರೆ, ಜೆಪೆಗ್‌ನ ಬೆಳಕಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದಿ. ಹೂವು ಉಳಿದಿರುವುದು ಬಣ್ಣದ ಕಡೆ ಮಾತ್ರ. ಆ ಬಣ್ಣವನ್ನೇ ನಾಲ್ಕು ಪಿಕ್ಸೆಲ್‌ಗೆ ಸೇರಿಸಿ ಸರಾಸರಿ ಮಾಡಿದರೆ? ಕೆಂಪು ಅರ್ಧ, ಹಸಿರು ಅರ್ಧ: 110, 70, 45. ಗಟ್ಟಿ ಚಹಾದ ಬಣ್ಣ. ಕಾಕಾ ಹೇಳಿದ ರಾಡಿ ಇದೇ.

ಇಳಕಲ್ ಸೀರೆಯ ಕೆಂಪು ಸೆರಗಿಗೂ ಇದೇ ಪೆಟ್ಟು, ಸ್ವಲ್ಪ ಬೇರೆ ರೀತಿಯಲ್ಲಿ. ಟೋಪ್‌ತೆನಿ ಅನ್ನುವ ಸೆರಗಿನ ವಿನ್ಯಾಸದಲ್ಲಿ ಕೆಂಪಿನೊಳಗೆ ಬಿಳಿ ತೆನೆಗಳು ಚೂಪಾಗಿ ಹೋಗುತ್ತವೆ. ಕೆಂಪಿಗೂ ಬಿಳಿಗೂ ಬೆಳಕಿನ ವ್ಯತ್ಯಾಸ ದೊಡ್ಡದು, ಹಾಗಾಗಿ ಆಕಾರ ಉಳಿಯುತ್ತದೆ. ಬಣ್ಣ ಮಾತ್ರ ಸೋರುತ್ತದೆ. ಬಿಳಿ ತೆನೆಯ ತುದಿ ಗುಲಾಬಿ ಆಗುತ್ತದೆ. ಹೊಸ ಸೀರೆ ಮೊದಲನೇ ತೊಳೆತಕ್ಕೇ ಬಣ್ಣ ಬಿಟ್ಟಂತೆ ಕಾಣುತ್ತದೆ. ಅಂಗಡಿಯವರಿಗೆ ಇದಕ್ಕಿಂತ ಕೆಟ್ಟ ಜಾಹೀರಾತು ಬೇರೆ ಇಲ್ಲ.

ಸ್ಕ್ರಿಪ್ಟಿನಲ್ಲಿ ಸ್ಯಾಂಪ್ಲಿಂಗ್ 4:4:4 ಅಂತ ಬಾಯಿ ಬಿಟ್ಟು ಹೇಳಿ, ಕ್ವಾಲಿಟಿಯನ್ನು ಮತ್ತೆ ಕೆಳಗೆ ತಂದೆ. ಖಣದ ಒಂದು ತುಂಡನ್ನು 4:2:0 ಕ್ವಾಲಿಟಿ 85ರಲ್ಲಿ ಒಂದು ಸಲ, 4:4:4 ಕ್ವಾಲಿಟಿ 72ರಲ್ಲಿ ಒಂದು ಸಲ ಮಾಡಿದೆ. ಎರಡೂ ಹೆಚ್ಚುಕಡಿಮೆ ಒಂದೇ ತೂಕ. ಎರಡನೆಯದರಲ್ಲಿ ಹೂವು ಎಣಿಸಬಹುದಿತ್ತು. ಬಟ್ಟೆ ಮಾರುವವರಿಗೆ ನನ್ನ ಸಲಹೆ ಇಷ್ಟೇ: ನಂಬರ್ ಇಳಿಸಿ ಪರವಾಗಿಲ್ಲ, 4:4:4 ಬಿಡಬೇಡಿ.

ನನ್ನ ಅಳತೆಗೋಲೂ ಮೋಸ ಮಾಡಿತ್ತು. ಎರಡು ಚಿತ್ರ ಎಷ್ಟು ಒಂದೇ ಥರ ಇವೆ ಅಂತ ಅಳೆಯಲು ಎಸ್‌ಎಸ್‌ಐಎಂ ಅನ್ನುವ ಲೆಕ್ಕ ಇದೆ. 1 ಬಂದರೆ ಒಂದೇ ಚಿತ್ರ. ರಾಡಿ ಖಣಕ್ಕೆ ನನ್ನ ಸ್ಕ್ರಿಪ್ಟ್ 0.97 ಕೊಟ್ಟಿತ್ತು! ಅದನ್ನು ನಂಬಿಯೇ ನಾನು ಶನಿವಾರ ನಿಶ್ಚಿಂತೆಯಿಂದ ಮಲಗಿದ್ದು. ಒಳಗೆ ನೋಡಿದರೆ ಅದು ಚಿತ್ರವನ್ನು ಕಪ್ಪು ಬಿಳುಪು ಮಾಡಿಕೊಂಡು ಅಳೆಯುತ್ತಿತ್ತು. ಬಣ್ಣ ಹೋದರೆ ಅದಕ್ಕೇನು ಗೊತ್ತು, ಪಾಪ.

ಅಲೆ ಅಲೆ

ಒಂದೇ ಚಿತ್ರ ಎಲ್ಲಕ್ಕೂ ಬಳಸಿದ ಸೋಮಾರಿತನದ ಫಲ ಇದು. ಕಾಕಾನ ಹಳೇ ಮೊಬೈಲಿನ ಪರದೆಯಲ್ಲಿ ಪಟ್ಟಿಯ ಒಂದು ಸೀರೆಗೆ ಸಿಗುವುದು 360 ಚುಕ್ಕೆ ಅಗಲ. ನಾನು ಕೊಟ್ಟದ್ದು 1080. ಉಳಿದದ್ದನ್ನು ಬ್ರೌಸರ್ ಕುಗ್ಗಿಸಬೇಕು. ಬ್ರೌಸರಿಗೆ ಅವಸರ. ಬೇಗ ಬೇಗ ಕುಗ್ಗಿಸುತ್ತದೆ. ಸಣ್ಣ ಚೌಕಡಿ ಇರುವ ಸೀರೆಯ ಮೇಲೆ ನೀರಿನ ಅಲೆಯಂಥ ಗೆರೆಗಳು ಎದ್ದವು. ಸ್ಕ್ರೋಲ್ ಮಾಡಿದರೆ ಆ ಗೆರೆ ಕುಣಿಯುತ್ತಿದ್ದವು.

ಈಗ ಪ್ರತಿ ಫೋಟೋಗೆ 360, 540, 720, 1080, 1600 ಅಂತ ಐದು ಅಗಲ ಮಾಡಿದ್ದೇನೆ. ಪುಟದಲ್ಲಿ ಸೋರ್ಸ್‌ಸೆಟ್ ಬರೆದು ಐದನ್ನೂ ಪಟ್ಟಿ ಮಾಡಿದರೆ ಬ್ರೌಸರ್ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಕುಗ್ಗಿಸುವ ಕೆಲಸವನ್ನು ನಾನು ಮೊದಲೇ ನಿಧಾನವಾಗಿ, ವಿವರ ಉಳಿಸಿ ಕುಗ್ಗಿಸುವ ಲ್ಯಾಂಕ್ಜೋಸ್ ಫಿಲ್ಟರ್ ಹಾಕಿ ಮಾಡಿಟ್ಟಿರುತ್ತೇನೆ.

ಮೂರು ಫೋಟೋಗಳಲ್ಲಿ ಮಾತ್ರ ಅಲೆ ಹೋಗಲೇ ಇಲ್ಲ. ಮೂಲ ಫೋಟೋವನ್ನೇ ಪೂರ್ತಿ ಅಳತೆಯಲ್ಲಿ ತೆರೆದು ನೋಡಿದರೆ ಅಲೆ ಅಲ್ಲೇ ಇತ್ತು. ಎಳೆಗಳ ಸಾಲೂ ಕ್ಯಾಮೆರಾದ ಸೆನ್ಸರಿನ ಸಾಲೂ ಒಂದಕ್ಕೊಂದು ಹತ್ತಿರದ ಅಳತೆಗೆ ಬಂದಾಗ ಹೀಗಾಗುತ್ತದೆ. ಯಾವ ಸಾಫ್ಟ್‌ವೇರಿಗೂ ಅದನ್ನು ಚೆನ್ನಾಗಿ ಬಿಡಿಸಲು ಬರುವುದಿಲ್ಲ. ತಂಗಿಗೆ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ತೆಗೆ ಅಂದೆ. ಹೋಯಿತು.

ಕುಗ್ಗಿಸುವುದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಪ್ಪು ಬಿಳಿ ಎಳೆ ಒಂದರ ಪಕ್ಕ ಒಂದು ಇರುವ ಸಣ್ಣ ಚೌಕಡಿ ಸೀರೆಯನ್ನು ದೂರದಿಂದ ನೋಡಿದರೆ ಕಣ್ಣಿಗೆ ಅರ್ಧ ಬೆಳಕು ಬರುತ್ತದೆ. ಸಾಫ್ಟ್‌ವೇರ್ ಮಾತ್ರ ಕಪ್ಪಿನ 0, ಬಿಳಿಯ 255 ಸೇರಿಸಿ 128 ಅಂತ ಬರೆಯುತ್ತದೆ. ಎಸ್‌ಆರ್‌ಜಿಬಿಯಲ್ಲಿ 128 ಅಂದರೆ ಅರ್ಧ ಬೆಳಕಲ್ಲ, ಬರೀ ಶೇಕಡಾ 22. ಅರ್ಧ ಬೆಳಕಿಗೆ 188 ಬೇಕು. ಹಾಗಾಗಿ ಚೌಕಡಿ ಸೀರೆಗಳೆಲ್ಲ ಸಣ್ಣ ಚಿತ್ರದಲ್ಲಿ ಮಬ್ಬಾಗಿ ಕಾಣುತ್ತಿದ್ದವು. ಕುಗ್ಗಿಸುವ ಮೊದಲು ನೇರ ಬೆಳಕಿನ ಅಳತೆಗೆ ಬದಲಾಯಿಸಿ, ಕುಗ್ಗಿಸಿ, ಮತ್ತೆ ವಾಪಸ್ ತಂದರೆ ಸರಿಯಾಗುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಇದಕ್ಕೆ ಎರಡೇ ಆದೇಶ ಜಾಸ್ತಿ. ಸಾದಾ ಸೀರೆಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ.

ಕಾಕಾ ಎಲ್ಲಿ ನೋಡುತ್ತಾರೆ

ಕ್ವಾಲಿಟಿ ಎಷ್ಟಿಡಬೇಕು ಅನ್ನೋದು ಉಳಿದಿತ್ತು. 1080 ಅಗಲದ ಚಿತ್ರಗಳನ್ನು 75ರಲ್ಲೇ ಮಾಡಿದರೆ ಒಂದು ಸಾದಾ ಸೀರೆ 95 ಕೆಬಿ, ಒಂದು ಖಣ 410 ಕೆಬಿ. ಖಣದಲ್ಲಿ ವಿವರ ಜಾಸ್ತಿ, ತೂಕ ಜಾಸ್ತಿ. ಇದು ನಿರೀಕ್ಷಿತ. ಹಾಗಾದರೆ ವಿವರ ಜಾಸ್ತಿ ಇರುವ ಖಣಕ್ಕೆ ಕ್ವಾಲಿಟಿಯೂ ಜಾಸ್ತಿ ಬೇಕು ಅಂತ ನಾನು ಅಂದುಕೊಂಡಿದ್ದೆ.

ಅಂಗಡಿಯ ಗಾದಿಯ ಮೇಲೆ ಕೂತು ಕಾಕಾಗೆ ಜೋಡಿ ಜೋಡಿ ಚಿತ್ರ ತೋರಿಸಿದೆ. ಒಂದು ಮೂಲ, ಒಂದು ಒತ್ತಿದ್ದು, ಯಾವುದು ಯಾವುದು ಅಂತ ಹೇಳದೆ. ಫಲಿತಾಂಶ ಉಲ್ಟಾ ಬಂತು. ಖಣವನ್ನು 62ಕ್ಕೆ ಇಳಿಸಿದರೂ ಅವರಿಗೆ ಗೊತ್ತಾಗಲಿಲ್ಲ. ಸಾದಾ ಸೀರೆಯನ್ನು 75ರಲ್ಲೇ ಹಿಡಿದರು. ಮಡಿಕೆಯ ನೆರಳು ಮೆಲ್ಲಗೆ ಇಳಿಯುವ ಜಾಗದಲ್ಲಿ ಚೌಕ ಚೌಕ ಕಾಣುತ್ತಿತ್ತು. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಅಗಲದ ತುಂಡುಗಳಾಗಿ ಕತ್ತರಿಸಿ ಒತ್ತುತ್ತದೆ. ತುಂಬಿದ ನೇಯ್ಗೆಯಲ್ಲಿ ತುಂಡಿನ ಹೊಲಿಗೆ ಮರೆಯಾಗುತ್ತದೆ. ಬೋಳು ಜಾಗದಲ್ಲಿ ಎದ್ದು ಕಾಣುತ್ತದೆ. ಗೋಡೆಗೆ ಬಳಿದ ಸುಣ್ಣದಲ್ಲಿ ಕಲೆ ಕಾಣುತ್ತದೆ, ಕೌದಿಯಲ್ಲಿ ಎಲ್ಲಿ ಕಾಣುತ್ತದೆ?

ಕೊನೆಗೆ ಖಣಕ್ಕೆ 65, ಸಾದಾ ಸೀರೆಗೆ 82, ಉಳಿದವಕ್ಕೆ 75 ಅಂತ ಮೂರು ಡಬ್ಬಿ ಮಾಡಿದೆ. ಯಾವುದು ಯಾವ ಡಬ್ಬಿಗೆ ಅನ್ನುವುದನ್ನು ಸ್ಕ್ರಿಪ್ಟ್ ತೂಕ ನೋಡಿ ಹೇಳುತ್ತದೆ. 75ರಲ್ಲಿ ಒಮ್ಮೆ ಒತ್ತಿ ನೋಡಿ, ದಪ್ಪ ಬಂದರೆ ಖಣದ ಡಬ್ಬಿ, ತೆಳ್ಳಗೆ ಬಂದರೆ ಸಾದಾ ಡಬ್ಬಿ.

ಇದರ ನಡುವೆ ಒಂದು ಸಂಗತಿ ಗಮನಿಸಿದೆ. ನಾನು ಚಿತ್ರದ ನಡುಭಾಗ ನೋಡುತ್ತಿದ್ದೆ. ಕಾಕಾ ನಡುಭಾಗ ನೋಡಲೇ ಇಲ್ಲ. ಮೊದಲು ಬೆರಳಿಂದ ದೊಡ್ಡದು ಮಾಡಿದ್ದು ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಎಳೆ, ಸೆರಗಿನ ರೇಷ್ಮೆ ಎಳೆ ಬೇರೆ ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸುವ ಜಾಗ ಕೊಂಡಿ. ಆಮೇಲೆ ನೋಡಿದ್ದು ದಡಿ, ಯಾವ ಬಗೆಯದು, ಗೋಮಿಯೋ ಗಾಡಿಯೋ ಅಂತ. ಆಮೇಲೆ ಕಸೂತಿ ಇದ್ದರೆ ಕಸೂತಿ. "ಗಿರಾಕಿ ಸೈತ ಇದನ್ನ ನೋಡ್ತಾರ. ಒಡಲ ಏನ್ ನೋಡೂದೈತಿ?" ಅಂದರು.

ಅಂದಿನಿಂದ ನನ್ನ ಪರೀಕ್ಷೆ ಬದಲಾಯಿತು. ಪ್ರತಿ ಸೀರೆಯಿಂದ ಕೊಂಡಿ, ದಡಿ, ಕಸೂತಿ ಮೂರು ಸಣ್ಣ ತುಂಡು ಕತ್ತರಿಸಿ ಅವನ್ನು ಮಾತ್ರ ಕಣ್ಣಿಟ್ಟು ನೋಡುತ್ತೇನೆ. ಕಸೂತಿ ತುಂಡಿನಲ್ಲೇ ಹೊಸ ತಕರಾರು ಸಿಕ್ಕಿತು. ಕಪ್ಪು ಸೀರೆಯ ಮೇಲೆ ಬಿಳಿ ದಾರದ ಮುರಗಿ ಹೊಲಿಗೆ, ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಅದರ ಸುತ್ತ ಬೂದಿ ಬಣ್ಣದ ಧೂಳು ಕಾಣುತ್ತಿತ್ತು. ಚೂಪಾದ ಗೀರನ್ನು ಅಲೆಗಳ ಮೊತ್ತವಾಗಿ ಬರೆದು, ಅದರಲ್ಲಿ ಕೆಲವು ಅಲೆ ಕೈಬಿಟ್ಟಾಗ ಉಳಿಯುವ ಕಸ ಅದು. ಇದಕ್ಕೆ ಇಂಗ್ಲಿಷಿನಲ್ಲಿ ಸೊಳ್ಳೆ ಗದ್ದಲ ಅಂತಲೇ ಹೆಸರು. ನೋಡಿದರೆ ಸೊಳ್ಳೆ ಮುತ್ತಿದ ಹಾಗೇ ಇದೆ. ಕಸೂತಿ ಸೀರೆಗಳನ್ನು 85ರ ಡಬ್ಬಿಗೆ ಹಾಕಿದೆ. ಇದನ್ನು ಸ್ಕ್ರಿಪ್ಟ್ ಗುರುತಿಸಲಾರದು, ಕೈಯಿಂದಲೇ ಹಾಕಬೇಕು. ಅಂಥವು ಹನ್ನೊಂದೇ ಇದ್ದವು.

ಹೊಸ ಫೈಲ್ ಬಗೆಗಳು: ವೆಬ್‌ಪಿ, ಎವಿಐಎಫ್

ಇಷ್ಟೆಲ್ಲ ಜೆಪೆಗ್‌ನಲ್ಲಿ ಮಾಡಿದ್ದು. ಒತ್ತುವ ಕೆಲಸಕ್ಕೆ ಮೊಜಿಲ್ಲಾದವರು 2014ರಲ್ಲಿ ಬಿಟ್ಟ ಮೊಜ್‌ಜೆಪೆಗ್ ಬಳಸಿದೆ. ಅದೇ ಜೆಪೆಗ್, ಎಲ್ಲ ಬ್ರೌಸರಿನಲ್ಲೂ ತೆರೆಯುತ್ತದೆ, ಒತ್ತುವಾಗ ಮಾತ್ರ ಜಾಸ್ತಿ ಲೆಕ್ಕ ಹಾಕುತ್ತದೆ. ಸಮಯ ಜಾಸ್ತಿ ತಿಂದರೂ ಫೈಲ್ ಸಣ್ಣದಾಗುತ್ತದೆ.

ಎಲ್ಲರೂ ವೆಬ್‌ಪಿ ಹಾಕು ಅನ್ನುತ್ತಾರೆ. 2010ರಲ್ಲಿ ಗೂಗಲ್ ತಂದದ್ದು. ಸಾಮಾನ್ಯ ಫೋಟೋಗೆ ಒಳ್ಳೆಯದೇ. ಆದರೆ ವಿವರ ಬಿಟ್ಟು ಒತ್ತುವ ಅದರ ಬಗೆಯಲ್ಲಿ ಬಣ್ಣ ಯಾವಾಗಲೂ 4:2:0. ಬೇರೆ ಆಯ್ಕೆಯೇ ಇಲ್ಲ. ಬಣ್ಣ ಸೋರದಂತೆ ಸ್ವಲ್ಪ ಚೂಪು ಮಾಡುವ ಒಂದು ಸೌಲಭ್ಯ ಇದೆ, ತೆನೆಯ ಗುಲಾಬಿ ತುದಿ ಅದರಿಂದ ಕಡಿಮೆ ಆಯಿತು. ಖಣ ಮಾತ್ರ ರಾಡಿಯೇ. ಹಾಗಾಗಿ ಸೀರೆಗೆ ವೆಬ್‌ಪಿ ಬಿಟ್ಟೆ. ಅಂಗಡಿಯ ಮುಂಭಾಗ, ಮಗ್ಗ, ಊರಿನ ಫೋಟೋಗಳಿಗೆ ಬಳಸಿದ್ದೇನೆ.

ಎವಿಐಎಫ್‌ನಲ್ಲಿ 4:4:4 ಉಂಟು. ಕ್ರೋಮ್‌ನಲ್ಲಿ 2020ರಿಂದ, ಫೈರ್‌ಫಾಕ್ಸ್‌ನಲ್ಲಿ 2021ರಿಂದ, ಐಫೋನ್‌ಗಳಲ್ಲಿ 2022ರ ಐಓಎಸ್ 16ರಿಂದ ತೆರೆಯುತ್ತದೆ. ಖುಷಿಯಿಂದ ಖಣವನ್ನು 120 ಕೆಬಿಗೆ ಒತ್ತಿದೆ. ಹೂವೆಲ್ಲ ಸ್ವಚ್ಛ. ಧೂಳಿಲ್ಲ, ಚೌಕ ಇಲ್ಲ. ಜೆಪೆಗ್‌ಗಿಂತ ಚಂದ ಕಾಣುತ್ತಿದೆ ಅಂತ ಕಾಕಾಗೆ ತೋರಿಸಿದೆ.

ಸ್ವಲ್ಪ ಹೊತ್ತು ನೋಡಿದರು. "ಛಲೋ ಐತಿ. ಆದ್ರ ಇದು ಪಾಲಿಸ್ಟರ್ ಆಗೇತಿ ನೋಡ."

ಸರಿಯಾಗಿಯೇ ಹೇಳಿದ್ದರು. ಎವಿಐಎಫ್ ಕಡಿಮೆ ಜಾಗ ಕೊಟ್ಟಾಗ ಒರಟು ವಿವರವನ್ನು ಮೊದಲು ಒರೆಸಿ ನಯ ಮಾಡುತ್ತದೆ. ಕೈಮಗ್ಗದ ಎಳೆಯಲ್ಲಿ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು ಇರುತ್ತದಲ್ಲ, ಅದೇ ಹೋಗಿತ್ತು. ಜೆಪೆಗ್ ಕೆಟ್ಟರೆ ಕೆಟ್ಟದ್ದು ಕಾಣುತ್ತದೆ, ಸಿಟ್ಟು ಬರುತ್ತದೆ, ಸರಿ ಮಾಡುತ್ತೇವೆ. ಇದು ಕೆಟ್ಟರೆ ಇಸ್ತ್ರಿ ಹೊಡೆದು ಎದುರಿಗೆ ನಿಲ್ಲುತ್ತದೆ. ನನಗಂತೂ ಇದೇ ಜಾಸ್ತಿ ಅಪಾಯ ಅನಿಸಿತು. ಕ್ವಾಲಿಟಿ ಏರಿಸುತ್ತಾ ಹೋದೆ. 230 ಕೆಬಿಗೆ ಬಂದಾಗ ಎಳೆ ವಾಪಸ್ ಬಂತು. ಅದೇ ಖಣ ಜೆಪೆಗ್ 4:4:4ರಲ್ಲಿ 340 ಕೆಬಿ. ಉಳಿತಾಯ ಅಷ್ಟಕ್ಕಷ್ಟೇ, ಆದರೂ ಇದೆ.

ಎವಿಐಎಫ್‌ನ ಕ್ವಾಲಿಟಿ 65ಕ್ಕೂ ಜೆಪೆಗ್‌ನ 65ಕ್ಕೂ ಸಂಬಂಧ ಇಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೊಂದು ಸಾಫ್ಟ್‌ವೇರಿನ ನಂಬರ್ ಒಂದೊಂದು. ಕಣ್ಣಿಟ್ಟು ನೋಡಬೇಕು ಅಂದರೆ ಸ್ಕ್ವೂಶ್ ಅನ್ನುವ ಪುಕ್ಕಟೆ ವೆಬ್ ಸಾಧನ ಚೆನ್ನಾಗಿದೆ. ನಡುವೆ ಗೆರೆ ಎಳೆದು ಆಚೆ ಮೂಲ, ಈಚೆ ಒತ್ತಿದ್ದು ತೋರಿಸುತ್ತದೆ. ಫೋಟೋ ನಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ.

ನನ್ನ ಲ್ಯಾಪ್‌ಟಾಪ್ ಎವಿಐಎಫ್ ಮಾಡಲು ರಾತ್ರಿಯೆಲ್ಲ ಒದ್ದಾಡಿತು. ಒಂದೇ ಸಲದ ಕೆಲಸ ಅಂತ ಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಫ್ಯಾನ್ ಇನ್ನೂ ಕೂಗುತ್ತಿತ್ತು.

ಉಳಿದ ಸಣ್ಣ ಪುಟ್ಟ

ಪುಟದಲ್ಲಿ ಪಿಕ್ಚರ್ ಟ್ಯಾಗ್ ಹಾಕಿ ಮೊದಲು ಎವಿಐಎಫ್, ಅದು ತೆರೆಯದ ಮೊಬೈಲಿಗೆ ಜೆಪೆಗ್. ಪ್ರತಿ ಚಿತ್ರಕ್ಕೆ ಅಗಲ ಎತ್ತರ ಬರೆದದ್ದರಿಂದ ಫೋಟೋ ಬರುವ ಮೊದಲೇ ಜಾಗ ಹಿಡಿದಿರುತ್ತದೆ, ಪುಟ ಜಿಗಿಯುವುದಿಲ್ಲ. ಕೆಳಗಿನ ಸಾಲುಗಳು ಸ್ಕ್ರೋಲ್ ಮಾಡಿದಾಗ ಮಾತ್ರ ಇಳಿಯುತ್ತವೆ. ಮೊದಲ ಎರಡು ಸಾಲಿಗೆ ಆ ಸೋಮಾರಿ ಲೋಡಿಂಗ್ ಹಾಕಬಾರದು. ಮೊದಲು ಹಾಕಿದ್ದೆ, ಪುಟ ತೆರೆದ ಕೂಡಲೇ ಬಿಳಿ ಚೌಕ ಕಾಣುತ್ತಿತ್ತು. ತೆಗೆದೆ.

ಅಂಗಡಿಯ ಲಾಂಛನ ಪಿಎನ್‌ಜಿ ಇತ್ತು, 600 ಕೆಬಿ! ಎರಡೇ ಬಣ್ಣ, ನಾಲ್ಕು ಗೆರೆ. ಚುಕ್ಕೆ ಬಿಟ್ಟು ಗೆರೆಗಳನ್ನೇ ಬರೆದಿಡುವ ಎಸ್‌ವಿಜಿಯಲ್ಲಿ ಬರೆದೆ, 3 ಕೆಬಿ.

ಒಂದು ಎಡವಟ್ಟು ಹೇಳಲೇಬೇಕು. ಮಂಗಳವಾರ ನಿದ್ದೆಗಣ್ಣಲ್ಲಿ ಸ್ಕ್ರಿಪ್ಟನ್ನು ಒತ್ತಿದ ಫೋಟೋಗಳ ಮೇಲೇ ಮತ್ತೊಮ್ಮೆ ಓಡಿಸಿದೆ. ಒತ್ತಿದ್ದನ್ನು ಮತ್ತೆ ಒತ್ತಿದರೆ ಕೆಟ್ಟದ್ದು ಇನ್ನೂ ಕೆಡುತ್ತದೆ. ಮೂಲಗಳು ಬೇರೆ ಫೋಲ್ಡರಿನಲ್ಲಿದ್ದವು, ಬಚಾವಾದೆ. ಈಗ ಆ ಫೋಲ್ಡರಿಗೆ ಬರೆಯುವ ಅನುಮತಿಯನ್ನೇ ತೆಗೆದಿದ್ದೇನೆ, ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇದೆ. ತಂಗಿಗೂ ಹೇಳಿದ್ದೇನೆ, ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು. ಫೋಟೋ ಅಂತ ಕಳಿಸಿದರೆ ದಾರಿಯಲ್ಲೇ ಒಂದು ಸಲ ಒತ್ತಿ ಬಂದಿರುತ್ತದೆ.

ಈಗ ಪಟ್ಟಿಯ ಪುಟ ಪೂರ್ತಿ ಇಳಿದರೆ 900 ಕೆಬಿ ಆಸುಪಾಸು. ಜೆಪೆಗ್ ಮೊಬೈಲಿನಲ್ಲಿ 1.4 ಎಂಬಿ. ತೆರೆದ ಕೂಡಲೇ ಕಣ್ಣಿಗೆ ಬೀಳುವ ನಾಲ್ಕಾರು ಸೀರೆಗೆ 230 ಕೆಬಿ ಸಾಕು. ಕಾಕಾನ ಪ್ಯಾಕ್ ಸಂಜೆವರೆಗೆ ಬರುತ್ತಿದೆ. ಉಳಿದ ಡೇಟಾದಲ್ಲಿ ಈಗ ಕುಸ್ತಿ ವಿಡಿಯೋ ನೋಡುತ್ತಾರೆ ಅಂತ ಕಾಕು ದೂರು.

ಒಂದು ಸೀರೆ ಮಾತ್ರ ಕೈಗೆ ಸಿಗಲಿಲ್ಲ. ಉದ್ದದ ಎಳೆಗೆ (ಹಾಸು) ಒಂದು ಬಣ್ಣ, ಅಡ್ಡದ ಎಳೆಗೆ (ಹೊಕ್ಕು) ಒಂದು ಬಣ್ಣ ಇರುವ ಧೂಪಛಾವ್. ಆಚೆ ತಿರುಗಿಸಿದರೆ ನವಿಲು ನೀಲಿ, ಈಚೆ ತಿರುಗಿಸಿದರೆ ಕೆಂಪು. ಯಾವ ಕ್ವಾಲಿಟಿಯಲ್ಲಿ ಒತ್ತಿದರೂ ಒಂದು ಬಣ್ಣ ಮಾತ್ರ. ಒತ್ತದ ಮೂಲದಲ್ಲೂ ಒಂದೇ ಬಣ್ಣ. ಎರಡು ಸಂಜೆ ಕಳೆದ ಮೇಲೆ ಕಾಕಾ ಆ ಸೀರೆಯನ್ನು ಮಡಿಚಿ ಕಪಾಟಿನಲ್ಲಿ ಇಟ್ಟರು. "ಅದು ಫೋಟೋಕ್ಕ ಸಿಗೂದಿಲ್ಲ ಬಿಡೋ. ಬಂದವ್ರಿಗೆ ಬಿಚ್ಚಿ ತೋರಸ್ತೀನಿ." ತಂಗಿ ಬಿಡಲಿಲ್ಲ. ಮರುದಿನ ಎರಡೂ ಕಡೆಯಿಂದ ಒಂದೊಂದು ಫೋಟೋ ತೆಗೆದು ಕಳಿಸಿದಳು, ಡಾಕ್ಯುಮೆಂಟ್ ಅಂತಲೇ. ಅಕ್ಕಪಕ್ಕ ಇಟ್ಟಿದ್ದೇನೆ. ಎರಡೂ ಸೇರಿ 76 ಕೆಬಿ.